ಕೊಲೊನೋಸ್ಕೋಪಿ ನೋವಿಗೆ ನಿದ್ದೆ ಇಂಜೆಕ್ಷನ್ ಒಂದೇ ಉತ್ತರವಲ್ಲ

ನಾರ್ವೆ, ಸ್ವೀಡನ್, ಪೋಲೆಂಡ್ ದೇಶಗಳಲ್ಲಿ 55ರಿಂದ 64 ವರ್ಷದ ಸುಮಾರು 28 ಸಾವಿರ ಜನರಿಗೆ ಒಂದು ಕರೆ ಹೋಯಿತು. ಕಾಯಿಲೆ ಏನೂ ಇಲ್ಲದಿದ್ದರೂ ಒಮ್ಮೆ ಬಂದು ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ಬಗ್ಗುವ ಪೈಪ್ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಿಕೊಳ್ಳಿ, ದೊಡ್ಡ ಕರುಳಿನ ಕ್ಯಾನ್ಸರನ್ನು ಬೇಗ ಹಿಡಿಯೋಣ ಅಂತ. ಬಂದವರು ನೂರಕ್ಕೆ 42 ಜನ ಮಾತ್ರ. ನಾರ್ಡಿಕ್ ಅನ್ನುವ ಈ ಅಧ್ಯಯನದ ಫಲಿತಾಂಶ 2022ರ ಅಕ್ಟೋಬರ್‌ನಲ್ಲಿ ಹೊರಬಿತ್ತು. ಹತ್ತು ವರ್ಷದಲ್ಲಿ ಈ ಕ್ಯಾನ್ಸರ್ ಬರುವ ಸಾಧ್ಯತೆ ಕರೆ ಹೋಗದವರಲ್ಲಿ ಶೇ 1.20, ಕರೆ ಹೋದವರಲ್ಲಿ ಶೇ 0.98. ವ್ಯತ್ಯಾಸ ಇಷ್ಟೇನಾ, ಹಾಗಾದರೆ ಈ ಪರೀಕ್ಷೆಯೇ ದಂಡ ಅಂತ ಆಗ ಕೆಲವರು ಗದ್ದಲ ಮಾಡಿದರು. ಆದರೆ ಆ 0.98ರ ಲೆಕ್ಕದಲ್ಲಿ ಆಸ್ಪತ್ರೆ ಕಡೆ ತಲೆಯನ್ನೇ ಹಾಕದ ಅರ್ಧಕ್ಕಿಂತ ಜಾಸ್ತಿ ಜನರೂ ಸೇರಿದ್ದಾರೆ. ಬರದವರಿಗೆ ಪರೀಕ್ಷೆ ಏನು ತಾನೇ ಮಾಡೀತು?

ಬರದವರೆಲ್ಲ ನೋವಿಗೆ ಹೆದರಿದವರು ಅಂತ ನಾನು ಹೇಳುತ್ತಿಲ್ಲ. ನಾಚಿಕೆ, ಉದಾಸೀನ, ರಜೆ ಸಿಗದಿರುವುದು, ನನಗೇನಾಗಿದೆ ಅನ್ನುವ ಧೈರ್ಯ, ಎಲ್ಲವೂ ಇರುತ್ತವೆ. ಆದರೂ ಸ್ಪೇನ್‌ನಿಂದ 2025ರಲ್ಲಿ ಬಂದ ಇನ್ನೊಂದು ಫಲಿತಾಂಶ ನೋಡಿ. ಅಲ್ಲಿ ಒಂದು ಗುಂಪಿಗೆ ಕೊಲೊನೋಸ್ಕೋಪಿಗೆ ಬನ್ನಿ ಅಂದರು, ಇನ್ನೊಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ಮನೆಯಲ್ಲೇ ಮಲದ ಸ್ಯಾಂಪಲ್ ತೆಗೆದು ಕಳಿಸಿ ಅಂದರು. ಅದರಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡುವ ಪರೀಕ್ಷೆ ಅದು, ಫಿಟ್ ಅಂತಾರೆ. ಕೊಲೊನೋಸ್ಕೋಪಿಗೆ ಒಪ್ಪಿದವರು ಶೇ 31.8, ಸ್ಯಾಂಪಲ್‌ಗೆ ಒಪ್ಪಿದವರು ಶೇ 39.9. ಹತ್ತು ವರ್ಷದ ನಂತರ ಈ ಕ್ಯಾನ್ಸರಿನಿಂದಾದ ಸಾವಿನ ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಒಂದೊಂದಾಗಿ ನೋಡಿದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟು ಹುಡುಕುವುದರಲ್ಲಿ ಕೊಲೊನೋಸ್ಕೋಪಿಯೇ ಮೇಲು. ಆದರೆ ಸುಲಭವಾದದ್ದಕ್ಕೆ ಜನ ಜಾಸ್ತಿ ಬರುತ್ತಾರೆ, ಹಾಗಾಗಿ ಕೊನೆಗೆ ಎರಡೂ ಸಮ.

ಆದ್ದರಿಂದ ಸಂಕಟ ಕಡಿಮೆ ಮಾಡುವುದು ರೋಗಿಗೆ ತೋರಿಸುವ ಉಪಚಾರ ಅಷ್ಟೇ ಅಲ್ಲ, ಪರೀಕ್ಷೆ ಕೆಲಸ ಮಾಡಬೇಕಾದರೆ ಅದು ಬೇಕೇ ಬೇಕು. ಈ ಮಾತು ಬಂದಾಗೆಲ್ಲ ಸಿಗುವ ಉತ್ತರ ಒಂದೇ: "ಇಂಜೆಕ್ಷನ್ ಕೊಡ್ತಾರೆ ಬಿಡಿ, ಏನೂ ಗೊತ್ತಾಗಲ್ಲ." ಈ ಉತ್ತರದಿಂದ ಅರ್ಧ ವಿಷಯ ಮುಚ್ಚಿಹೋಗುತ್ತೆ. ಮಂಪರು ಬರಿಸುವ ಮೊದಲೇ, ಮಂಪರು ಇಲ್ಲದೆಯೂ, ಕಡಿಮೆ ಮಾಡಬಹುದಾದ ನೋವು ಬಹಳ ಇದೆ. ಅದರಲ್ಲಿ ಹೆಚ್ಚಿನದು ರೋಗಿಯ ಧೈರ್ಯದ ಮೇಲೆ ನಿಂತಿಲ್ಲ, ಆಸ್ಪತ್ರೆ ಮಾಡುವ ಆಯ್ಕೆಗಳ ಮೇಲೆ ನಿಂತಿದೆ.

ಮೊದಲು ನೋವು ಎಲ್ಲಿಂದ ಬರುತ್ತೆ ಅಂತ ತಿಳಿಯಬೇಕು. ಕರುಳಿನ ಒಳಗೋಡೆಗೆ ಕತ್ತರಿಸಿದರೆ ನೋವಾಗುವುದಿಲ್ಲ. ಒಳಗೆ ಸಿಗುವ ಸಣ್ಣ ಗಂಟನ್ನು, ಅಂದರೆ ಪಾಲಿಪ್ ಅನ್ನು, ತಂತಿಯ ಕುಣಿಕೆ ಹಾಕಿ ಕತ್ತರಿಸಿ ತೆಗೆಯುತ್ತಾರೆ. ಎಚ್ಚರವಾಗಿರುವವರಿಗೂ ಅದು ಗೊತ್ತಾಗುವುದಿಲ್ಲ. ಕರುಳು ನೋಯುವುದು ಹಿಗ್ಗಿದಾಗ, ಎಳೆದಾಗ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಕೆಲವು ಕಡೆ ಹೊಟ್ಟೆಯ ಹಿಂಗೋಡೆಗೆ ಅಂಟಿಕೊಂಡಿದೆ, ಕೆಲವು ಕಡೆ ತೆಳುವಾದ ಪೊರೆಯಿಂದ ಸಡಿಲವಾಗಿ ನೇತಾಡುತ್ತೆ. ಎಡಗಡೆ ಕೆಳಹೊಟ್ಟೆಯಲ್ಲಿ ಬರುವ ಸಿಗ್ಮಾಯ್ಡ್ ಭಾಗ ಹೀಗೆ ನೇತಾಡುವಂಥದ್ದು. ಡಾಕ್ಟರ್ ಪೈಪನ್ನು ಸುಮ್ನೆ ಮುಂದಕ್ಕೆ ತಳ್ಳುತ್ತಾ ಹೋದರೆ ಅದರ ತುದಿ ಮುಂದೆ ಹೋಗುವ ಬದಲು ಮಧ್ಯದ ಭಾಗ ಬಾಗಿ ಸುತ್ತು ಹಾಕಿಕೊಳ್ಳುತ್ತೆ, ಆ ಸುತ್ತು ಕರುಳನ್ನೂ ಅದನ್ನು ಹಿಡಿದಿರುವ ಪೊರೆಯನ್ನೂ ಎಳೆಯುತ್ತೆ, ಆಗ ಬರುತ್ತೆ ನೋಡಿ ಆ ಹಿಂಡಿದಂಥ ನೋವು.

ಪಳಗಿದ ಕೈ ತಳ್ಳುವುದು ಕಡಿಮೆ, ಹಿಂದಕ್ಕೆ ಎಳೆಯುವುದು ಜಾಸ್ತಿ. ಪೈಜಾಮಕ್ಕೆ ಲಾಡಿ ಪೋಣಿಸುವಾಗ ನಾವೇನು ಮಾಡುತ್ತೇವೆ? ಪಿನ್ನನ್ನು ಒಂದೇ ಸಮ ತಳ್ಳುವುದಿಲ್ಲ, ಬಟ್ಟೆಯನ್ನು ಪಿನ್ನಿನ ಮೇಲೆ ನೆರಿಗೆಯಾಗಿ ಕೂಡಿಸಿ ಹಿಂದಕ್ಕೆ ಜಗ್ಗುತ್ತೇವೆ. ಇಲ್ಲೂ ಹಾಗೆಯೇ. ಸ್ವಲ್ಪ ಹಿಂದಕ್ಕೆಳೆದು, ಬಲಕ್ಕೆ ತಿರುಚಿ, ಒಳಗಿನ ಗಾಳಿ ಹೀರಿ, ಕರುಳನ್ನು ಪೈಪಿನ ಮೇಲೆ ನೆರಿಗೆ ಮಾಡಿಕೊಳ್ಳುತ್ತಾರೆ. ಸರಿಯಾಗಿ ಮಾಡಿದಾಗ ಒಂದೂವರೆ ಮೀಟರ್ ಕರುಳಿನ ಕೊನೆ ಮುಟ್ಟಲು 70-80 ಸೆಂಟಿಮೀಟರ್ ಪೈಪ್ ಒಳಗಿದ್ದರೆ ಸಾಕು. ಎಡಮಗ್ಗುಲಲ್ಲಿ ಮಲಗಿದವರನ್ನು ಅಂಗಾತ ತಿರುಗಿಸುವುದು, ಸಿಸ್ಟರ್ ಹೊಟ್ಟೆಯ ಮೇಲೆ ಸರಿಯಾದ ಜಾಗದಲ್ಲಿ ಕೈಯಿಟ್ಟು ಒತ್ತುವುದು, ಇವೂ ಆ ಸುತ್ತು ಬಿಡಿಸುವ ಉಪಾಯಗಳೇ. ಸುತ್ತು ಎಲ್ಲಿ ಬಿದ್ದಿದೆ ಅಂತ ಪರದೆಯ ಮೇಲೆ ತೋರಿಸುವ ಉಪಕರಣವೂ ಇದೆ; ಎಕ್ಸ್-ರೇ ಬೇಡ, ಅಯಸ್ಕಾಂತದ ಬಲದಿಂದ ಕೆಲಸ ಮಾಡುತ್ತೆ.

ಎಲ್ಲರ ಹೊಟ್ಟೆಯೂ ಒಂದೇ ಥರ ಇರುವುದಿಲ್ಲ. ಗಂಡಸರಿಗಿಂತ ಹೆಂಗಸರಿಗೆ ನೋವು ಜಾಸ್ತಿ. ಅವರ ಕರುಳು ಸರಾಸರಿ ತುಸು ಉದ್ದ, ಅದರ ಜಾಸ್ತಿ ಭಾಗ ಕಿಬ್ಬೊಟ್ಟೆಯೊಳಗೆ ಇಳಿದಿರುತ್ತೆ. ಗರ್ಭಕೋಶ ತೆಗೆಸಿಕೊಂಡವರಲ್ಲಿ ಕರುಳು ಅಲ್ಲಲ್ಲಿ ಅಂಟಿಕೊಂಡಿರಬಹುದು, ಅಂಥ ಕಡೆ ಪೈಪ್ ಬಗ್ಗುವುದು ಕಷ್ಟ. ತೀರಾ ತೆಳ್ಳಗಿರುವವರಿಗೂ ಕಷ್ಟವೇ. ದಪ್ಪ ಇದ್ದರೆ ತೊಂದರೆ ಅಂತ ನಾವು ಅಂದುಕೊಳ್ಳುತ್ತೇವೆ, ಇಲ್ಲಿ ಉಲ್ಟಾ. ಆಪರೇಷನ್ ಆಗಿದ್ದರೆ ಮೊದಲೇ ಹೇಳಬೇಕು, ಇಪ್ಪತ್ತು ವರ್ಷ ಹಳೆಯದಾದರೂ. ಮಕ್ಕಳಿಗೆ ಬಳಸುವ ತೆಳು ಪೈಪ್ ಇಂಥವರಿಗೆ ಅನುಕೂಲ, ಆದರೆ ಅದನ್ನು ತೆಗೆದಿಡಬೇಕಾದರೆ ಡಾಕ್ಟರಿಗೆ ವಿಷಯ ಗೊತ್ತಿರಬೇಕಲ್ವಾ?

ನೋವಿನ ಎರಡನೇ ಕಾರಣ ಗಾಳಿ. ಮುದುಡಿರುವ ಕರುಳಿನೊಳಗೆ ಏನೂ ಕಾಣುವುದಿಲ್ಲ, ಅದಕ್ಕೆ ಗಾಳಿ ಊದಿ ಹಿಗ್ಗಿಸುತ್ತಾರೆ. ಕೋಣೆಯ ಗಾಳಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೈಟ್ರೋಜನ್, ಅದನ್ನು ಕರುಳು ಹೀರಿಕೊಳ್ಳುವುದು ತೀರಾ ನಿಧಾನ. ಹಾಗಾಗಿ ಪರೀಕ್ಷೆ ಮುಗಿದ ಮೇಲೂ ಗಂಟೆಗಟ್ಟಲೆ ಹೊಟ್ಟೆ ಉಬ್ಬರಿಸಿ, ಹಿಡಿದು ಹಿಡಿದು ನೋಯುತ್ತೆ. ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಿಟ್ಟರೆ ಅದು ಬೇಗ ರಕ್ತಕ್ಕೆ ಸೇರಿ ಉಸಿರಿನಲ್ಲಿ ಹೊರಗೆ ಹೋಗುತ್ತೆ. ನಾರ್ಡಿಕ್ ಅಧ್ಯಯನದ್ದೇ ಲೆಕ್ಕ ಇದೆ: ಸಾಮಾನ್ಯ ಗಾಳಿ ಬಳಸಿದಾಗ ಪರೀಕ್ಷೆಯ ನಂತರ ಸಾಕಷ್ಟು ಅಥವಾ ತೀವ್ರ ಹೊಟ್ಟೆನೋವು ಅಂದವರು ಶೇ 16.7, ಕಾರ್ಬನ್ ಡೈಆಕ್ಸೈಡ್ ಬಳಸಿದಾಗ ಶೇ 4.2. ಒಂದು ಗ್ಯಾಸ್ ಬದಲಿಸಿದ್ದಕ್ಕೆ ಇಷ್ಟು ವ್ಯತ್ಯಾಸ!

ನನಗೆ ಸಿಟ್ಟು ಬರುವುದು ಇಲ್ಲಿಯೇ. ಇದು ಹೊಸ ವಿಷಯ ಅಲ್ಲ. ನಾರ್ವೆಯ ಮೈಕೆಲ್ ಬ್ರೆಟ್‌ಹೌವರ್ ಮತ್ತು ಜೊತೆಗಾರರು 2002ರಲ್ಲೇ ಇದನ್ನು ಪರೀಕ್ಷಿಸಿ ಬರೆದಿದ್ದರು. ಬೇಕಾಗಿರುವುದು ಒಂದು ಸಿಲಿಂಡರ್, ಒಂದು ಸಣ್ಣ ಯಂತ್ರ. ಹೊಟ್ಟೆಗೆ ತೂತು ಹಾಕಿ ಮಾಡುವ ಲ್ಯಾಪರೋಸ್ಕೋಪಿ ಆಪರೇಷನ್ ನಡೆಯುವ ಆಸ್ಪತ್ರೆಗಳಲ್ಲಿ ಇದೇ ಗ್ಯಾಸಿನ ಸಿಲಿಂಡರ್ ಹೇಗೂ ಇರುತ್ತೆ. ಆದರೂ ಎಷ್ಟೋ ಕಡೆ ಇವತ್ತಿಗೂ ಗಾಳಿಯೇ, ಯಾಕೆಂದರೆ ಗಾಳಿಯ ಪಂಪ್ ಯಂತ್ರದ ಜೊತೆಯಲ್ಲೇ ಬಂದಿರುತ್ತೆ, ಗಾಳಿಗೆ ದುಡ್ಡಿಲ್ಲ, ರೋಗಿಗೆ ಹೊಟ್ಟೆ ಉಬ್ಬರಿಸುವುದು ಮನೆಗೆ ಹೋದ ಮೇಲೆ. ಯಾರಿಗೆ ಗೊತ್ತಾಗಬೇಕು? (ಶ್ವಾಸಕೋಶದ ತೀವ್ರ ಕಾಯಿಲೆ ಇರುವವರಲ್ಲಿ ಈ ಗ್ಯಾಸನ್ನು ಎಚ್ಚರದಿಂದ ಬಳಸಬೇಕು, ಅದು ನಿಜ.)

ಗಾಳಿಯನ್ನೇ ಬಿಟ್ಟು ನೀರು ಬಳಸುವ ದಾರಿಯೂ ಇದೆ. ಪೈಪ್ ಒಳಗೆ ಹೋಗುವಾಗ ಗಾಳಿ ಪಂಪ್ ಬಂದ್ ಮಾಡಿ, ಉಗುರುಬೆಚ್ಚಗಿನ ನೀರು ಬಿಟ್ಟು ದಾರಿ ಮಾಡಿಕೊಳ್ಳುತ್ತಾರೆ. ನೀರಿಗೆ ಕರುಳು ಅಷ್ಟು ಹಿಗ್ಗುವುದಿಲ್ಲ, ಸಿಗ್ಮಾಯ್ಡ್ ಭಾಗ ನೀರಿನ ಭಾರಕ್ಕೆ ಇಳಿದು ನೇರವಾಗುತ್ತೆ, ಸುತ್ತು ಬೀಳುವುದು ಕಡಿಮೆ. ಬಿಟ್ಟ ನೀರನ್ನು ಒಳಗೆ ಹೋಗುವಾಗಲೇ ಹೀರಿ ತೆಗೆಯುತ್ತಾ ಹೋದರೆ ಕರುಳು ಇನ್ನಷ್ಟು ಶುಚಿಯಾಗುತ್ತೆ, ಗಂಟುಗಳೂ ಜಾಸ್ತಿ ಕಾಣುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಫೆಲಿಕ್ಸ್ ಲ್ಯೂಂಗ್ ಇದನ್ನು ವರ್ಷಗಟ್ಟಲೆ ಪ್ರಚಾರ ಮಾಡಿದವರು. ಮಂಪರು ಇಲ್ಲದೆ ಪರೀಕ್ಷೆ ಮಾಡುವಾಗ ಇದು ಬಹಳ ಉಪಯೋಗಕ್ಕೆ ಬರುತ್ತೆ. ಕೆಲವು ನಿಮಿಷ ಜಾಸ್ತಿ ಹಿಡಿಯುತ್ತೆ, ದಿನಕ್ಕೆ ಇಷ್ಟು ಕೇಸ್ ಮುಗಿಸಬೇಕು ಅನ್ನುವ ಕಡೆ ಅದೇ ಅಡ್ಡಿ.

ಈಗ ಇಂಜೆಕ್ಷನ್ ವಿಷಯ. ದೇಶಕ್ಕೊಂದು ಪದ್ಧತಿ ಇದೆ. ಅಮೆರಿಕದಲ್ಲಿ ಬಹುಪಾಲು ಜನರಿಗೆ ಮಂಪರು ಬರಿಸುತ್ತಾರೆ, ಅದರಲ್ಲೂ ಪ್ರೊಪೋಫೋಲ್ ಕೊಟ್ಟು ಪೂರ್ತಿ ನಿದ್ದೆ ಮಾಡಿಸುವುದು ಹೆಚ್ಚುತ್ತಿದೆ. ನಾರ್ವೆಯಲ್ಲಿ ಬಹಳ ಜನ ಏನೂ ತೆಗೆದುಕೊಳ್ಳದೆ ಮಾಡಿಸಿಕೊಂಡು, ಪರದೆ ನೋಡುತ್ತಾ ಡಾಕ್ಟರ ಜೊತೆ ಮಾತಾಡಿ, ಎದ್ದು ಮನೆಗೆ ಹೋಗುತ್ತಾರೆ. ಇಂಗ್ಲೆಂಡಿನಲ್ಲಿ ಮೂರನೇ ದಾರಿಯೂ ಇದೆ: ಎಂಟೊನಾಕ್ಸ್. ಅರ್ಧ ನೈಟ್ರಸ್ ಆಕ್ಸೈಡ್, ಅರ್ಧ ಆಕ್ಸಿಜನ್, ಹೆರಿಗೆ ನೋವಿಗೂ ಕೊಡುವ ಗ್ಯಾಸ್. ನೋವು ಬಂದಾಗ ರೋಗಿಯೇ ಬಾಯಿಗಿಟ್ಟುಕೊಂಡು ಎಳೆಯುತ್ತಾರೆ. ಅದರ ಅಮಲು ಬೇಗ ಇಳಿಯುತ್ತೆ, ಅರ್ಧ ಗಂಟೆ ಕೂತು ಎದ್ದು ಹೋಗಬಹುದು. ನಮ್ಮಲ್ಲಿ ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳಲ್ಲಿ ಅರಿವಳಿಕೆ ಡಾಕ್ಟರ್ ನಿಂತು ಪ್ರೊಪೋಫೋಲ್ ಕೊಡುವುದು ಸಾಮಾನ್ಯ. ಬೇರೆ ಕಡೆ ಮಿಡಜೋಲಾಮ್‌ನಂಥ ಮಂಪರಿನ ಔಷಧಿ ಕೊಡುತ್ತಾರೆ.

ಪ್ರೊಪೋಫೋಲ್ ಒಳ್ಳೆಯ ಔಷಧಿ. ತೀರಾ ಭಯ ಇರುವವರಿಗೆ, ಹಿಂದೆ ನೋವು ತಿಂದವರಿಗೆ, ಹೊಟ್ಟೆಯ ಆಪರೇಷನ್ ಆದವರಿಗೆ ಅದೇ ಸರಿ. ಆದರೆ ಅದು ನೋವಿನ ಕಾರಣವನ್ನು ತೆಗೆಯುವುದಿಲ್ಲ, ನೋವು ಗೊತ್ತಾಗದ ಹಾಗೆ ಮಾಡುತ್ತೆ ಅಷ್ಟೇ. ಸುತ್ತು ಬಿದ್ದು ಕರುಳು ಎಳೆಯುತ್ತಿದ್ದರೆ ಎಚ್ಚರವಿರುವ ರೋಗಿ "ಅಯ್ಯೋ, ನಿಲ್ಲಿಸಿ" ಅನ್ನುತ್ತಾರೆ, ಡಾಕ್ಟರ್ ಹಿಂದಕ್ಕೆಳೆದು ಸರಿಮಾಡುತ್ತಾರೆ. ನಿದ್ದೆಯಲ್ಲಿರುವವರು ಹೇಳುವುದಿಲ್ಲ. ಜೊತೆಗೆ ಉಸಿರಾಟ, ಬಿ.ಪಿ. ನೋಡುತ್ತಿರಬೇಕು, ಒಬ್ಬರು ಜೊತೆಗೆ ಬರಬೇಕು, ಅವತ್ತು ಗಾಡಿ ಓಡಿಸುವಂತಿಲ್ಲ, ಬಿಲ್ ಏರುತ್ತೆ. ಮಿಡಜೋಲಾಮ್ ಕಥೆ ಇನ್ನೂ ವಿಚಿತ್ರ. ಅದು ಮಂಪರು ತರುವುದರ ಜೊತೆಗೆ ಆ ಹೊತ್ತಿನ ನೆನಪನ್ನೂ ಅಳಿಸುತ್ತೆ. ಪರೀಕ್ಷೆ ನಡೆಯುವಾಗ ನರಳಿದವರೇ ಹೊರಗೆ ಬಂದು "ಏನೂ ಗೊತ್ತಾಗಲಿಲ್ಲ" ಅನ್ನಬಹುದು. ಹಾಗಾದರೆ ನೋವಾಯಿತೋ, ಆಗಲಿಲ್ಲವೋ?

ಈ ಪ್ರಶ್ನೆಯನ್ನು ತಮಾಷೆಗೆ ಕೇಳುತ್ತಿಲ್ಲ. ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಿಮನ್, ಕೆನಡಾದ ಟೊರೊಂಟೊದ ಡಾಕ್ಟರ್ ಡೊನಾಲ್ಡ್ ರೆಡೆಲ್ಮೆಯರ್ ಜೊತೆ ಸೇರಿ ಕೊಲೊನೋಸ್ಕೋಪಿ ರೋಗಿಗಳನ್ನೇ ಇದಕ್ಕೆ ಆರಿಸಿಕೊಂಡಿದ್ದರು. ನಿಮಿಷಕ್ಕೊಮ್ಮೆ ನೋವು ಎಷ್ಟು ಅಂತ ಕೇಳಿ ಬರೆದುಕೊಂಡರು. ಆಮೇಲೆ ಒಟ್ಟಾರೆ ಹೇಗಿತ್ತು ಅಂತ ಕೇಳಿದರು. 1996ರಲ್ಲಿ ಬಂದ ಆ ಫಲಿತಾಂಶದ ಪ್ರಕಾರ ಪರೀಕ್ಷೆ ಎಷ್ಟು ಹೊತ್ತು ನಡೆಯಿತು ಅನ್ನುವುದು ನೆನಪಿನ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅತಿ ಹೆಚ್ಚು ನೋವಾದ ಗಳಿಗೆ, ಕೊನೆಯ ಕೆಲವು ನಿಮಿಷ, ಇವೆರಡೇ ಮನಸ್ಸಿನಲ್ಲಿ ಉಳಿಯುತ್ತಿದ್ದವು. 2003ರಲ್ಲಿ ಅವರು ಇನ್ನೂ ಮುಂದೆ ಹೋದರು. 682 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಪರೀಕ್ಷೆ ಮುಗಿದ ಮೇಲೂ ಪೈಪಿನ ತುದಿಯನ್ನು ಅಲುಗಾಡಿಸದೆ ಸ್ವಲ್ಪ ಹೊತ್ತು ಗುದನಾಳದಲ್ಲಿ ಹಾಗೇ ಬಿಟ್ಟರು. ಆ ಹೊತ್ತಿನಲ್ಲಿ ಮುಜುಗರ ಇರುತ್ತೆ, ಆದರೆ ನೋವು ಕಡಿಮೆ. ಹೀಗೆ ಸಂಕಟದ ಹೊತ್ತು ಉದ್ದವಾದವರೇ ಅನುಭವ ಅಷ್ಟೇನೂ ಕೆಟ್ಟದಾಗಿರಲಿಲ್ಲ ಅಂದರು, ಮುಂದೆ ಮತ್ತೆ ಪರೀಕ್ಷೆಗೆ ಬಂದವರೂ ಅವರಲ್ಲಿ ತುಸು ಜಾಸ್ತಿ.

ಇದನ್ನು ಓದಿ ಎಲ್ಲ ರೋಗಿಗಳಿಗೂ ಪೈಪ್ ಜಾಸ್ತಿ ಹೊತ್ತು ಇಡಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ನೆನಪನ್ನು ತಿದ್ದಲು ಮುಜುಗರ ಹೆಚ್ಚಿಸುವುದು ಎಂಥ ಚಿಕಿತ್ಸೆ? ಆದರೆ ಕೊನೆ ಚೆನ್ನಾಗಿರಬೇಕು ಅನ್ನುವ ಮಾತು ಹೌದು. ಹೊರಗೆ ಬರುವಾಗ ಗಾಳಿಯನ್ನು ಪೂರ್ತಿ ಹೀರಿ ತೆಗೆಯುವುದು, ಗಡಿಬಿಡಿಯಿಲ್ಲದೆ ಪೈಪ್ ತೆಗೆಯುವುದು, ಮುಗೀತು ಅಂತ ಒಂದು ಮಾತು ಹೇಳುವುದು, ಮೈ ಮುಚ್ಚುವುದು. ಇದಕ್ಕೆ ಯಾವ ಯಂತ್ರವೂ ಬೇಡ.

ಇಷ್ಟೆಲ್ಲ ಆದರೂ ಮಾಡಿಸಿಕೊಂಡವರನ್ನು ಕೇಳಿ ನೋಡಿ. ಪೈಪಿಗಿಂತ ಹಿಂದಿನ ರಾತ್ರಿಯೇ ಕಷ್ಟ ಅನ್ನುವವರೇ ಜಾಸ್ತಿ. ಕರುಳು ಖಾಲಿಯಾಗಲಿ ಅಂತ ಲೀಟರ್‌ಗಟ್ಟಲೆ ಉಪ್ಪುಪ್ಪು ಔಷಧಿ ನೀರು ಕುಡಿದು, ರಾತ್ರಿಯೆಲ್ಲ ಬಾತ್‌ರೂಮಿಗೆ ಓಡಾಡುವುದು. ಇಲ್ಲಿ ಹಳೆಯ ಕಟ್ಟುಪಾಡುಗಳು ಸಡಿಲವಾಗಿವೆ, ಆದರೆ ಎಷ್ಟೋ ಕಡೆ ಕೈಗೆ ಕೊಡುವ ಚೀಟಿ ಹಳೆಯದೇ. ಅಮೆರಿಕದ ತಜ್ಞರ ಜಂಟಿ ಸಮಿತಿ 2025ರಲ್ಲಿ ಕೊಟ್ಟ ಸಲಹೆ ಪ್ರಕಾರ, ಕರುಳು ಶುಚಿಯಾಗುವುದರಲ್ಲಿ ವಿಶೇಷ ತೊಂದರೆ ಇಲ್ಲದವರಿಗೆ ನಾಲ್ಕು ಲೀಟರ್ ಬದಲು ಎರಡು ಲೀಟರ್ ಔಷಧಿ ಸಾಕು. ಹಿಂದಿನ ದಿನ ಪೂರ್ತಿ ಉಪವಾಸ ಬೇಡ, ಬೆಳಗ್ಗೆ ಮತ್ತು ಮಧ್ಯಾಹ್ನ ನಾರು ಕಡಿಮೆ ಇರುವ ಊಟ ಮಾಡಬಹುದು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಅಂದರೆ ಇಡ್ಲಿ, ಬಿಳಿ ಅನ್ನ, ಮೊಸರು. ಮುದ್ದೆ, ಸೊಪ್ಪು, ಕಾಳು, ಸೀಬೆಹಣ್ಣು ಬೇಡ. ಆಮೇಲೆ ಎಳನೀರು, ಸೋಸಿದ ತಿಳಿ. ಬೀಟ್‌ರೂಟ್, ದಾಳಿಂಬೆಯಂಥ ಕೆಂಪು ಬಣ್ಣದ್ದು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತೆ.

ಔಷಧಿಯನ್ನು ಎರಡು ಪಾಲು ಮಾಡುವುದು ಇದರಲ್ಲಿ ಮುಖ್ಯ. ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು. ಎಲ್ಲವನ್ನೂ ರಾತ್ರಿಯೇ ಕುಡಿದು ಮುಗಿಸಿದರೆ ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿನಿಂದ ಇಳಿದ ಲೋಳೆ, ಪಿತ್ತ ಬಲಗಡೆ ಕರುಳಿಗೆ ಮೆತ್ತಿಕೊಳ್ಳುತ್ತೆ, ಚಪ್ಪಟೆ ಗಂಟುಗಳು ಅದರಡಿ ಮರೆಯಾಗುತ್ತವೆ. ಎರಡು ಪಾಲು ಮಾಡಿದರೆ ಕುಡಿಯುವುದೂ ಸುಲಭ, ವಾಕರಿಕೆಯೂ ಕಡಿಮೆ. ತಣ್ಣಗೆ ಮಾಡಿ, ಸ್ಟ್ರಾ ಹಾಕಿ, ನಡುನಡುವೆ ನಿಂಬೆರಸ ಬೆರೆಸಿದ ನೀರು ಕುಡಿದರೆ ಇನ್ನಷ್ಟು ಸಲೀಸು. ಗುದದ ಸುತ್ತ ಮೊದಲೇ ವ್ಯಾಸ್ಲೀನ್ ಹಚ್ಚಿಕೊಂಡರೆ ಉರಿ ಕಡಿಮೆ. ಇದನ್ನು ಯಾವ ಚೀಟಿಯಲ್ಲೂ ಯಾಕೆ ಬರೆಯುವುದಿಲ್ಲವೋ. ಕಿಡ್ನಿ ತೊಂದರೆ, ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಯಾವ ಔಷಧಿ ಕುಡಿಯಬೇಕು, ಯಾವ ಮಾತ್ರೆ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಬೇಕು.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ತಾಲ್ಲೂಕಿನಿಂದ ಮೈಸೂರಿಗೋ ಬೆಂಗಳೂರಿಗೋ ಬಸ್ಸಿನಲ್ಲಿ ಬರುವವರು ಬೆಳಗಿನ ಪಾಲು ಕುಡಿಯುವುದು ಎಲ್ಲಿ? ಕುಡಿದು ಬಸ್ ಹತ್ತಿದರೆ ಗತಿ ಏನು? ಹೀಗೆ ಹೆದರಿ ಜನ ಅರ್ಧ ಕುಡಿದು ಬರುತ್ತಾರೆ, ಒಳಗೆ ಸರಿಯಾಗಿ ಕಾಣುವುದಿಲ್ಲ, ಇನ್ನೊಂದು ದಿನ ಬನ್ನಿ ಅಂತಾರೆ. ದೂರದಿಂದ ಬರುವವರು ಮಧ್ಯಾಹ್ನದ ಸಮಯ ಕೇಳಿ, ಎರಡನೇ ಪಾಲನ್ನು ಆಸ್ಪತ್ರೆಗೆ ಬಂದೇ ಕುಡಿಯಬಹುದಾ ಅಂತ ವಿಚಾರಿಸುವುದು ಮೇಲು. ಒಂದು ಕುರ್ಚಿ, ಒಂದು ಶುಚಿಯಾದ ಬಾತ್‌ರೂಮ್ ಕೊಟ್ಟರೆ ಆಗುವ ಕೆಲಸ ಇದು.

ನಮ್ಮಲ್ಲಿ ಆರೋಗ್ಯವಂತರನ್ನು ಕರೆದು ಕೊಲೊನೋಸ್ಕೋಪಿ ಮಾಡುವ ಸರ್ಕಾರಿ ಯೋಜನೆ ಇಲ್ಲ. ದೇಶದ ಕ್ಯಾನ್ಸರ್ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ ಸೀಮಿತ. ದೊಡ್ಡ ಕರುಳಿನ ಕ್ಯಾನ್ಸರ್ ಇಲ್ಲಿ ಪಶ್ಚಿಮದಷ್ಟು ಇಲ್ಲ, ಆದ್ದರಿಂದ ಎಲ್ಲರಿಗೂ ಪೈಪ್ ಹಾಕುವುದು ಸರಿಯಾದ ಖರ್ಚೂ ಅಲ್ಲ. ನಮ್ಮಲ್ಲಿ ಈ ಪರೀಕ್ಷೆ ಆಗುವುದು ಹೆಚ್ಚಾಗಿ ರಕ್ತ ಹೋಗುತ್ತಿದೆ, ತೂಕ ಇಳಿದಿದೆ, ರಕ್ತಹೀನತೆ ಇದೆ ಅಂದಾಗ. ಅದೂ ಮೂಲವ್ಯಾಧಿ ಅಂತ ತಿಂಗಳುಗಟ್ಟಲೆ ನಾಟಿ ಔಷಧಿ ಮಾಡಿದ ಮೇಲೆ. ಆದರೆ ಅಮೆರಿಕದಲ್ಲಿರುವ ಕನ್ನಡಿಗರಿಗೆ 2021ರಿಂದ 45 ವರ್ಷಕ್ಕೇ ತಪಾಸಣೆ ಶುರು ಮಾಡಿ ಅನ್ನುವ ಸಲಹೆ ಇದೆ, ಇಂಗ್ಲೆಂಡಿನಲ್ಲಿ 50 ದಾಟಿದವರಿಗೆ ಸ್ಯಾಂಪಲ್ ಡಬ್ಬಿ ಅಂಚೆಯಲ್ಲಿ ಮನೆಗೇ ಬರುತ್ತೆ. ನ್ಯೂಜೆರ್ಸಿಯಲ್ಲಿರುವ ಅಣ್ಣನಿಗೆ ಕ್ಯಾನ್ಸರ್ ಸಿಕ್ಕಿತು ಅಂದರೆ ಹಾಸನದಲ್ಲಿರುವ ತಂಗಿಗೂ ತಪಾಸಣೆ ಬೇಕು. ಒಡಹುಟ್ಟಿದವರು, ಅಪ್ಪ, ಅಮ್ಮ, ಮಕ್ಕಳಲ್ಲಿ ಯಾರಿಗಾದರೂ ಇದ್ದರೆ 40 ವರ್ಷಕ್ಕೆ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆ ಬರುತ್ತೋ ಆಗ ಪರೀಕ್ಷೆ ಶುರು ಮಾಡಬೇಕು ಅನ್ನುವುದು ಸಾಮಾನ್ಯ ನಿಯಮ. ಇಂಥ ಸುದ್ದಿಯನ್ನು ಮನೆಯವರಿಗೆ ಹೇಳದೆ ಮುಚ್ಚಿಡುವುದು ನಮ್ಮಲ್ಲಿ ಜಾಸ್ತಿ.

ಇದೆಲ್ಲ ಬದಲಾಗಬೇಕಾದರೆ ಯಾರಾದರೂ ಲೆಕ್ಕ ಇಡಬೇಕು. ಕರುಳಿನ ಕೊನೆ ಮುಟ್ಟಿದರಾ, ಎಷ್ಟು ಗಂಟು ಸಿಕ್ಕವು, ಹೊರಗೆ ಬರುವಾಗ ಎಷ್ಟು ನಿಮಿಷ ನೋಡಿದರು ಅಂತ ಡಾಕ್ಟರ ಕೆಲಸ ಅಳೆಯುವುದು ಈಗ ಹಲವು ದೇಶಗಳಲ್ಲಿ ರೂಢಿ. ನಾರ್ವೆಯ ಗ್ಯಾಸ್ಟ್ರೋನೆಟ್ ಅನ್ನುವ ದಾಖಲೆ ವ್ಯವಸ್ಥೆ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿತು: ನೋವಾಯಿತಾ? ಅದನ್ನು ಡಾಕ್ಟರನ್ನು ಕೇಳುವುದಿಲ್ಲ, ರೋಗಿಯನ್ನೇ ಕೇಳುತ್ತಾರೆ, ಅದೂ ಮನೆಗೆ ಹೋದ ಮೇಲೆ. ಇಂಗ್ಲೆಂಡಿನಲ್ಲೂ ರೋಗಿಗೆ ಎಷ್ಟು ಸಂಕಟ ಆಯಿತು ಅಂತ ಪ್ರತಿ ಪರೀಕ್ಷೆಗೂ ಅಂಕ ಬರೆದಿಡುತ್ತಾರೆ. ಹೀಗೆ ಬರೆದಿಟ್ಟಾಗ ಯಾರ ಕೈಯಲ್ಲಿ ನೋವು ಜಾಸ್ತಿ, ಯಾರಿಗೆ ಮತ್ತೆ ತರಬೇತಿ ಬೇಕು ಅನ್ನುವುದು ಕಾಣುತ್ತೆ. ಎಲ್ಲರನ್ನೂ ಮಲಗಿಸಿಬಿಟ್ಟರೆ ಈ ಲೆಕ್ಕವೇ ಸಿಗುವುದಿಲ್ಲ.

ನಮ್ಮಲ್ಲಿ ಅಂಥ ಲೆಕ್ಕ ಬರುವ ತನಕ ರೋಗಿಯೇ ಕೇಳಬೇಕು. ಒಳಗೆ ಬಿಡುವುದು ಗಾಳಿಯಾ, ಕಾರ್ಬನ್ ಡೈಆಕ್ಸೈಡಾ? ಔಷಧಿ ಎರಡು ಪಾಲಾ? ಮಂಪರು ಬರಿಸುವವರು ಯಾರು, ನೋಡಿಕೊಳ್ಳುವವರು ಯಾರು? ಲೇಡಿ ಡಾಕ್ಟರ್ ಸಿಗುತ್ತಾರಾ? ಹಿಂದೆ ಮಾತ್ರ ತೆರೆದಿರುವ ಪ್ಯಾಂಟ್ ಕೊಡುತ್ತೀರಾ? ಎಚ್ಚರವಾಗಿ ಮಾಡಿಸಿಕೊಂಡರೆ ನಾನು ಕೈ ಎತ್ತಿದಾಗ ನಿಲ್ಲಿಸುತ್ತೀರಾ, ನಡುವೆ ಬೇಕೆನಿಸಿದರೆ ಇಂಜೆಕ್ಷನ್ ಕೊಡುತ್ತೀರಾ? ಇದಕ್ಕೆ ಸಿಡಿಮಿಡಿ ಮಾಡದೆ ಉತ್ತರ ಕೊಡುವ ಕಡೆ ಹೋಗುವುದು ವಾಸಿ. ಪರೀಕ್ಷೆ ಮುಗಿದ ಮೇಲೆ ಗಾಳಿ ಬಂದರೆ ನಾಚಿಕೊಂಡು ತಡೆಹಿಡಿಯಬೇಡಿ, ಎದ್ದು ಸ್ವಲ್ಪ ಓಡಾಡಿದರೆ ಉಬ್ಬರ ಇಳಿಯುತ್ತೆ. ಕರುಳು ತೂತಾಗುವುದು ಬಹಳ ಅಪರೂಪ. ಆದರೂ ಹೊಟ್ಟೆನೋವು ಇಳಿಯುವ ಬದಲು ಏರುತ್ತಾ ಹೋದರೆ, ಹೊಟ್ಟೆ ಗಟ್ಟಿಯಾದರೆ, ಜ್ವರ ಬಂದರೆ, ರಕ್ತ ಜಾಸ್ತಿ ಹೋದರೆ, ಬೆಳಗಾಗಲಿ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.